ಬಸಳೆಯ ಜೊತೆ ಎಟ್ಟಿ: ಘಟ್ಟದ ಬುಡದ ಅಡುಗೆಮನೆಗೆ ಮೀನು ಬಂದ ದಾರಿ

ಮಂಗಳೂರಿನ ಯಾವುದಾದರೂ ಹೋಟೆಲಿನಲ್ಲಿ ಕೂತು ಮೀನಿನ ಗಸಿ ಕೇಳಿ. ಮೀನು ಬರುತ್ತದೆ, ಕೆಂಪಗಿನ ದಪ್ಪ ರಸ ಬರುತ್ತದೆ. ತರಕಾರಿಯ ಒಂದು ಹೋಳೂ ಅದರಲ್ಲಿ ಇರುವುದಿಲ್ಲ. ಈಗ ಬೆಳ್ತಂಗಡಿಯಿಂದ ಒಳಗೆ, ಘಟ್ಟದ ಬುಡದ ಒಂದು ಮನೆಗೆ ಮಳೆಗಾಲದ ಮಧ್ಯಾಹ್ನ ಹೋಗಿ ಮಡಕೆಯ ಮುಚ್ಚಳ ತೆಗೆದು ನೋಡಿ. ಬಸಳೆ ದಂಟಿನ ನಡುವೆ ಒಣ ಸಿಗಡಿ ಇರುತ್ತದೆ. ಅದಿಲ್ಲದಿದ್ದರೆ ಸೌತೆಕಾಯಿ ಹೋಳಿನ ಜೊತೆ ಒಣ ಬಂಗುಡೆಯ ತುಂಡು. ಅದೂ ಇಲ್ಲದಿದ್ದರೆ ಬದನೆ, ನುಗ್ಗೆ, ಹಲಸಿನ ಬೀಜ, ಅಂಬಡೆ, ಇವುಗಳಲ್ಲಿ ಒಂದರ ಜೊತೆ ಯಾವುದೋ ಒಂದು ಮೀನು.

ಕಡಲ ಬದಿಯ ಮನೆಗಳಲ್ಲೂ ಈ ಅಡುಗೆ ಇದೆ. ಆದರೆ ಬಂಟ್ವಾಳ ದಾಟಿ ಮೇಲೆ ಬಂದಷ್ಟೂ ಇದು ಅಪರೂಪದ ಅಡುಗೆಯಾಗಿ ಉಳಿಯುವುದಿಲ್ಲ, ದಿನದ ಅಡುಗೆಯಾಗುತ್ತದೆ. ಏಕೆ ಎಂದು ಮನೆಯಲ್ಲಿ ಕೇಳಿದರೆ "ರುಚಿಗೆ" ಎನ್ನುತ್ತಾರೆ. ರುಚಿ ಇರುವುದು ನಿಜ. ನನ್ನ ಪ್ರಕಾರ ರುಚಿ ಸೇರಿದ್ದು ಆಮೇಲೆ. ಮೊದಲು ಇದ್ದದ್ದು ಕಡಲಿನ ದೂರ, ಮಳೆ, ಉಪ್ಪಿನ ಬೆಲೆ, ಮತ್ತು ಮನೆಯಲ್ಲಿ ಉಣ್ಣುವ ಬಾಯಿಗಳ ಲೆಕ್ಕ.

ಮೊದಲು ದೂರದ ಮಾತು. ಮಂಗಳೂರಿನಿಂದ ಬಂಟ್ವಾಳಕ್ಕೆ ಸುಮಾರು 25 ಕಿಲೋಮೀಟರ್. ಮೂಡಬಿದಿರೆಗೆ ಸುಮಾರು 35. ಬೆಳ್ತಂಗಡಿಗೆ ಹತ್ತಿರ ಹತ್ತಿರ 60. ಇವತ್ತು ಬಸ್ಸಿನಲ್ಲಿ ಒಂದು ನಿದ್ದೆಯ ದಾರಿ. ಐಸ್ ಇಲ್ಲದ, ಡಾಂಬರು ಇಲ್ಲದ ಕಾಲದಲ್ಲಿ ಬೆಳಿಗ್ಗೆ ದಡಕ್ಕೆ ಬಂದ ಬೂತಾಯಿ ಬಂಟ್ವಾಳಕ್ಕೆ ಬರುವಾಗಲೇ ಮೆತ್ತಗಾಗುತ್ತಿತ್ತು. ಬೆಳ್ತಂಗಡಿಗೆ ತಲುಪುವಾಗ ಅದನ್ನು ತೆಂಗಿನ ಬುಡಕ್ಕೆ ಹಾಕಬೇಕಷ್ಟೆ. ಹಾಗಾಗಿ ಮೇಲಿನ ಊರುಗಳಿಗೆ ಕಡಲ ಮೀನು ಎಂದರೆ ಒಣಮೀನು. ತುಳುವಿನಲ್ಲಿ ನುಂಗೆಲ್ ಮೀನ್.

ಇಲ್ಲಿ ಹೊಳೆ ಇಲ್ಲವೇ, ಹೊಳೆಯಲ್ಲಿ ಮೀನಿಲ್ಲವೇ ಎಂದು ನೀವು ಕೇಳಬಹುದು. ಇದೆ. ಮೊದಲ ಮಳೆಗೆ ತೋಡು ತುಂಬಿ ಗದ್ದೆಗೆ ಮೀನು ಹತ್ತುವಾಗ ಊರಿಗೆ ಊರೇ ಟಾರ್ಚು, ಕತ್ತಿ ಹಿಡಿದು ಇಳಿಯುತ್ತದೆ. ಮುಗುಡು ಸಿಕ್ಕ ರಾತ್ರಿಯ ಸಂಭ್ರಮವೇ ಬೇರೆ. ಆದರೆ ಅದು ವರ್ಷದಲ್ಲಿ ಕೆಲವೇ ದಿನದ ಮಾತು. ಹೊಳೆಯ ಎಲ್ಲಾ ಮೀನೂ ಮಡಕೆಗಲ್ಲ ಎಂಬುದಕ್ಕೆ ಬೆಳ್ತಂಗಡಿ ತಾಲೂಕಿನ ಶಿಶಿಲವೇ ಸಾಕ್ಷಿ. ಅಲ್ಲಿನ ಕಪಿಲಾ ಹೊಳೆಯ ಪೆರುವೊಳು ಮೀನುಗಳು ದೇವರ ಮೀನುಗಳು. ಅವುಗಳಿಗೆ ಅಕ್ಕಿ, ಹೊರಿ ಹಾಕುತ್ತಾರೆ, ಹಿಡಿಯುವುದಿಲ್ಲ. ವರ್ಷವಿಡೀ ಅಡುಗೆಮನೆಯನ್ನು ನಡೆಸಿದ್ದು ಹೊಳೆ ಮೀನಲ್ಲ, ಹೊಳೆಯ ದಾರಿಯಲ್ಲಿ ಕೆಳಗಿನಿಂದ ಬಂದ ಒಣಮೀನು.

ಆ ದಾರಿ ನೇತ್ರಾವತಿ. ರಸ್ತೆಗಳು ಸರಿ ಇಲ್ಲದ ಕಾಲದಲ್ಲಿ ಮಂಗಳೂರಿನಿಂದ ಬಂಟ್ವಾಳದವರೆಗೆ, ಸಣ್ಣ ದೋಣಿಗಳಾದರೆ ಅಲ್ಲಿಂದಲೂ ಸ್ವಲ್ಪ ಮೇಲಕ್ಕೆ, ನೀರಿನಲ್ಲೇ ಸರಕು ಹೋಗುತ್ತಿತ್ತು. ಬಂಟ್ವಾಳ ಪೇಟೆ ಬೆಳೆದದ್ದೇ ಹೀಗೆ. ಘಟ್ಟ ಇಳಿದು ಬಂದ ಸರಕು ಇಲ್ಲಿ ದೋಣಿ ಹತ್ತುತ್ತಿತ್ತು, ಕಡಲ ಕಡೆಯಿಂದ ಬಂದದ್ದು ಇಲ್ಲಿ ಇಳಿದು ಎತ್ತಿನ ಬೆನ್ನು, ಆಳಿನ ತಲೆ ಸೇರುತ್ತಿತ್ತು. ಹಳೇ ಬಂಟ್ವಾಳ ಪೇಟೆ ಹೊಳೆಗೆ ಅಷ್ಟು ಅಂಟಿಕೊಂಡು ಕೂತಿರುವುದು ಇದೇ ಕಾರಣಕ್ಕೆ. 1923ರ ದೊಡ್ಡ ಬೊಳ್ಳದಲ್ಲಿ, ಮತ್ತೆ 1974ರಲ್ಲಿ, ಅದು ಮುಳುಗಿ ಹೋಗಿದ್ದೂ ಇದೇ ಕಾರಣಕ್ಕೆ.

ಕೆಳಗಿನಿಂದ ಮೇಲೆ ಬರುತ್ತಿದ್ದ ಸರಕಿನಲ್ಲಿ ಮುಖ್ಯವಾದದ್ದು ಉಪ್ಪು. ಇದಕ್ಕೆ ದಾಖಲೆ ಹುಡುಕಿಕೊಂಡು ಹೋಗಬೇಕಾಗಿಲ್ಲ, ಬಸ್ಸಿನ ಬೋರ್ಡು ನೋಡಿದರೆ ಸಾಕು. ನೇತ್ರಾವತಿಗೆ ಕುಮಾರಧಾರಾ ಸೇರುವಲ್ಲಿ ಇರುವ ಊರಿನ ಹೆಸರೇ ಉಪ್ಪಿನಂಗಡಿ. ಬ್ರಿಟಿಷರ ಕಾಲದಲ್ಲಿ ಇಡೀ ತಾಲೂಕಿಗೂ ಅದೇ ಹೆಸರಿತ್ತು. ಉಪ್ಪು ಬಂದ ದಾರಿಯಲ್ಲೇ ಉಪ್ಪುಮೀನು ಬರುವುದು ಸಹಜ. ಕೆಳಗೆ ಹೋಗುವ ದೋಣಿಯಲ್ಲಿ ಅಕ್ಕಿ, ಮೇಲೆ ಬರುವ ದೋಣಿಯಲ್ಲಿ ಉಪ್ಪು ಮತ್ತು ಒಣಮೀನು. ಅಲ್ಲಿಂದ ವಾರದ ಸಂತೆಗಳಿಗೆ, ಕೆಲವು ಹೊರೆ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ.

1801ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಇದೇ ದಾರಿಯಲ್ಲಿ ನಡೆದು ಹೋದ. ಟಿಪ್ಪು 1799ರಲ್ಲಿ ಬಿದ್ದ ಮೇಲೆ, ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ನೋಡಿ ಬರೆಯಲು ಈಸ್ಟ್ ಇಂಡಿಯಾ ಕಂಪೆನಿ ಅವನನ್ನು ಕಳುಹಿಸಿತ್ತು. ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ಜಮಾಲಾಬಾದ್, ವೇಣೂರು, ಮೂಡಬಿದಿರೆ, ಕಾರ್ಕಳ, ಹೀಗೆ ಅವನ ದಾರಿ. ನಮ್ಮ ಮೂರು ಊರುಗಳೂ ಅವನ ಪುಸ್ತಕದಲ್ಲಿವೆ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ಪುಸ್ತಕ ಗದ್ದೆ, ತೋಟ, ಗೇಣಿ, ತೆರಿಗೆ, ವ್ಯಾಪಾರ ಎಲ್ಲವನ್ನೂ ಲೆಕ್ಕ ಹಾಕುತ್ತದೆ. ಅಡುಗೆಮನೆಯ ಒಳಗೆ ಬಗ್ಗಿ ನೋಡುವುದು ಅವನ ಕೆಲಸವಾಗಿರಲಿಲ್ಲ. ತೆರಿಗೆ ಹಾಕಲಾಗದ ವಿಷಯ ಸರಕಾರದ ಪುಸ್ತಕಕ್ಕೆ ಸೇರುವುದು ಕಡಿಮೆ.

ನಮ್ಮವರು ಬರೆದರೇ? ಕನ್ನಡದಲ್ಲಿ ಅಡುಗೆಯ ಪುಸ್ತಕಗಳಿಗೆ ಬರ ಇರಲಿಲ್ಲ. ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಬರೆದ 'ಸೂಪಶಾಸ್ತ್ರ' ಪೂರ್ತಿ ಅಡುಗೆಯದ್ದೇ. ಆದರೆ ಮಂಗರಸ ಜೈನ, ಅವನ ಅಡುಗೆ ಸಸ್ಯಾಹಾರ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮೀನಿನ ಜಾತಿಗಳೂ ಇವೆ, ಮೀನಿನ ಅಡುಗೆಯೂ ಇದೆ. ಅದು ಅರಮನೆಯ ಊಟ. ಮೂಡಬಿದಿರೆಯನ್ನೇ ನೋಡಿ. ಧವಲಾದಂಥ ಗ್ರಂಥಗಳ ತಾಳೆಗರಿಯನ್ನು ನೂರಾರು ವರ್ಷ ಹುಳ ತಿನ್ನದ ಹಾಗೆ ಕಾಪಾಡಿದ ಊರು ಅದು. ಬರಹವನ್ನು ಅಷ್ಟು ಜೋಪಾನ ಮಾಡಿದ ಊರಿನ ಸುತ್ತಲಿನ ಒಕ್ಕಲು ಮನೆಗಳಲ್ಲಿ ಏನು ಬೇಯುತ್ತಿತ್ತು ಎಂಬುದು ಒಂದು ಗರಿಯ ಮೇಲೂ ಹತ್ತಲಿಲ್ಲ. ಬರೆಯಬಲ್ಲವರು ಮೀನು ತಿನ್ನುತ್ತಿರಲಿಲ್ಲ, ಬೇಯಿಸುತ್ತಿದ್ದವರಿಗೆ ಬರೆಯಲು ಯಾರೂ ಕಲಿಸಿರಲಿಲ್ಲ.

ಹಾಗಾಗಿ ಈ ಅಡುಗೆಯ ಚರಿತ್ರೆಯನ್ನು ಮಡಕೆಯಲ್ಲಿರುವ ವಸ್ತುಗಳಿಂದಲೇ ಓದಬೇಕು.

ಬಸಳೆಯಿಂದ ಶುರು ಮಾಡೋಣ. ಬಸಳೆ ನಮ್ಮದೇ ಕರಾವಳಿಯ ಬಳ್ಳಿ, ಹೆಸರೂ ಈ ಕಡೆಯದ್ದೇ. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಮಲಬಾರಿನ ಗಿಡಗಳ ಬಗ್ಗೆ ಹನ್ನೆರಡು ಸಂಪುಟ ಅಚ್ಚು ಹಾಕಿಸಿದಾಗ ಊರವರು ಹೇಳಿದ ಈ ಹೆಸರು ಅದರಲ್ಲಿ ಸೇರಿತು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಜಗತ್ತಿನ ಗಿಡಗಳಿಗೆಲ್ಲ ವೈಜ್ಞಾನಿಕ ಹೆಸರು ಕೊಡುವಾಗ ಅದನ್ನೇ ಉಳಿಸಿಕೊಂಡ. ಇವತ್ತಿಗೂ ಬಸಳೆಯ ಲ್ಯಾಟಿನ್ ಹೆಸರು 'ಬಸೆಲ್ಲಾ'. ಬಚ್ಚಲ ನೀರು ಹೋಗುವಲ್ಲಿ ಒಂದು ದಂಟು ಊರಿ ಚಪ್ಪರ ಹಾಕಿದರೆ ಸಾಕು, ವರ್ಷಗಟ್ಟಲೆ ಕೊಯ್ಯಬಹುದು. ಸ್ವಂತ ಜಾಗ ಇಲ್ಲದವನಿಗೂ ಒಂದು ಚಪ್ಪರದಷ್ಟು ಜಾಗ ಇರುತ್ತದೆ.

ಸೌತೆಕಾಯಿ, ನಾವು ತೌತೆ ಎನ್ನುವ ಬಣ್ಣದ ಸೌತೆ, ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಬೇಸಿಗೆಗೆ ಬೆಳೆಯುವಂಥದ್ದು. ಅದನ್ನು ಬಾಳೆ ಹಗ್ಗದಲ್ಲೋ ತೆಂಗಿನ ಗರಿಯಲ್ಲೋ ಕಟ್ಟಿ ಮಾಡಿನ ಅಡಿಗೆ ಸಾಲಾಗಿ ತೂಗುಹಾಕುತ್ತಿದ್ದರು. ಆಟಿ ತಿಂಗಳವರೆಗೂ ಕೆಡುವುದಿಲ್ಲ. ಬದನೆ, ನುಗ್ಗೆ ಕೂಡ ಈ ದೇಶದವೇ. ಹುಣಸೆ ಮಾತ್ರ ಬಹಳ ಹಿಂದೆ ಆಫ್ರಿಕಾದಿಂದ ಬಂದದ್ದು, ಆದರೆ ಈಗ ಅದನ್ನು ಹೊರಗಿನದ್ದು ಎಂದರೆ ಯಾರೂ ನಂಬಲಿಕ್ಕಿಲ್ಲ. ಬಂಗುಡೆಗೆ ಹಾಕುವ ಬಿಂಬುಳಿ ಆಗ್ನೇಯ ಏಷ್ಯಾದ ದ್ವೀಪಗಳ ಕಡೆಯದು.

ಮೆಣಸಿನಕಾಯಿ ಎಲ್ಲರಿಗಿಂತ ಹೊಸಬ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವ ಮೊದಲು ಈ ಜಿಲ್ಲೆಯ ಒಂದು ಮಡಕೆಯಲ್ಲೂ ಕೆಂಪು ಮೆಣಸು ಇರಲಿಲ್ಲ. ಅದು ಅಮೆರಿಕದ ಬೆಳೆ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದಕ್ಕೆ ಮೊದಲು ಖಾರಕ್ಕೆ ಇದ್ದದ್ದು ಕಾಳುಮೆಣಸು, ಶುಂಠಿ. ತುಳುವಿನ 'ಪುಳಿಮುಂಚಿ'ಯಲ್ಲಿರುವ ಮುಂಚಿ ಇವತ್ತು ಕೆಂಪು ಮೆಣಸು. ಆದರೆ ಹುಳಿ, ಖಾರ, ಉಪ್ಪು ಹಾಕಿ ಮೀನನ್ನು ಮುಚ್ಚಿ ಬೇಯಿಸುವ ಕ್ರಮ ಆ ಹಡಗಿಗಿಂತ ಹಳೆಯದು ಎನ್ನಲು ದೊಡ್ಡ ಪಂಡಿತರು ಬೇಕಾಗಿಲ್ಲ. ಮಾನಸೋಲ್ಲಾಸದ ಅರಮನೆ ಮೀನಿಗೂ ಕೆಂಪು ಬಣ್ಣ ಇರಲಿಲ್ಲ.

ಈಗ ಮೀನು. ಇಲ್ಲೇ ಕತೆ ಬಿಗಿಯಾಗುವುದು, ಏಕೆಂದರೆ ಒಣಮೀನಿನ ಬೆಲೆ ಮೀನಿನದ್ದಲ್ಲ, ಉಪ್ಪಿನದ್ದು.

ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1800ರ ಮೊದಲ ದಶಕದಲ್ಲೇ ಕಂಪೆನಿ ಸರಕಾರ ಉಪ್ಪನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಉಪ್ಪು ಕಾಯಿಸಿದವನು ಸರಕಾರಕ್ಕೇ ಮಾರಬೇಕು, ಸರಕಾರ ಹೇಳಿದ ಬೆಲೆಗೆ ಜನ ಕೊಳ್ಳಬೇಕು. 1930ರಲ್ಲಿ ಅಂಕೋಲೆಯ ಕಡಲ ದಡದಲ್ಲಿ ಸತ್ಯಾಗ್ರಹ ನಡೆದದ್ದು ಇದೇ ಉಪ್ಪಿಗಾಗಿ. ಅದು ನಮಗೆ ಶಾಲೆಯ ಪಾಠದಲ್ಲಿ ಬಂತು. ಪಾಠದಲ್ಲಿ ಬಾರದ ವಿಷಯ ಒಂದಿದೆ. ಉಪ್ಪು ದುಬಾರಿಯಾದಾಗ ಮೀನು ಒಣಗಿಸುವವರು ಉಪ್ಪನ್ನು ಕಡಿಮೆ ಮಾಡಿದರು, ಅಥವಾ ಉಪ್ಪು ಮಣ್ಣು ಬಳಸಿದರು. ಮೀನು ಕೊಳೆಯಿತು. ಕೊಳೆತದ್ದನ್ನೂ ಬಡವರು ಕೊಂಡರು.

ಇದನ್ನು ಕಂಡು ಬರೆದವನು ಫ್ರಾನ್ಸಿಸ್ ಡೇ, ಮದ್ರಾಸಿನಲ್ಲಿ ಸೇನೆಯ ವೈದ್ಯನಾಗಿದ್ದು ಮೀನಿನ ಅಧಿಕಾರಿಯಾದವನು. 1873ರ ಅವನ ವರದಿ ಉಪ್ಪಿನ ತೆರಿಗೆಗೂ ಕೆಟ್ಟ ಮೀನಿಗೂ ಇರುವ ನಂಟನ್ನು ತೋರಿಸಿತು. ಮುಂದಿನ ವರ್ಷಗಳಲ್ಲಿ ಮದ್ರಾಸ್ ಸರಕಾರ ಕರಾವಳಿಯುದ್ದಕ್ಕೂ ಬೇಲಿ ಹಾಕಿದ ಮೀನು ಉಪ್ಪು ಹಾಕುವ ಯಾರ್ಡುಗಳನ್ನು ತೆರೆಯಿತು. ಒಳಗೆ ತೆರಿಗೆ ಇಲ್ಲದ ಉಪ್ಪು ಸಿಗುತ್ತಿತ್ತು. ಷರತ್ತು ಒಂದೇ, ಆ ಉಪ್ಪು ಹೊರಗೆ ಹೋಗುವುದಾದರೆ ಮೀನಿನ ಹೊಟ್ಟೆಯಲ್ಲೇ ಹೋಗಬೇಕು. 1900ರಲ್ಲಿ ಎಡ್ಗರ್ ಥರ್ಸ್ಟನ್ ಮಲಬಾರ್ ಮತ್ತು ದಕ್ಷಿಣ ಕನ್ನಡದ ಕಡಲ ಮೀನುಗಾರಿಕೆಯ ಬಗ್ಗೆ ಒಂದು ಪುಸ್ತಿಕೆ ಹೊರತರುವಾಗ ಈ ಯಾರ್ಡುಗಳ ವ್ಯವಸ್ಥೆ ನೆಲೆಯೂರಿತ್ತು. ನಮ್ಮ ಒಣಮೀನು ಸಿಲೋನಿನವರೆಗೂ ಹಡಗಿನಲ್ಲಿ ಹೋಗುತ್ತಿತ್ತು.

ಬಂಗುಡೆಯಂಥ ಎಣ್ಣೆ ಇರುವ ಮೀನಿಗೆ ಉಪ್ಪು ಬೇಕೇ ಬೇಕು. ಸಣ್ಣ ಸಿಗಡಿಗೆ, ಅಂದರೆ ಎಟ್ಟಿಗೆ, ಮತ್ತು ಕೊಲ್ಲತರುವಿನಂಥ ಚಿಕ್ಕ ಮೀನಿಗೆ ಉಪ್ಪಿಲ್ಲದಿದ್ದರೂ ನಡೆಯುತ್ತದೆ. ಹೊಯಿಗೆಯ ಮೇಲೆ ಹರಡಿ ಬಿಟ್ಟರೆ ಎರಡು ಮೂರು ದಿನದ ಬಿಸಿಲಿಗೆ ಗರಿಗರಿಯಾಗುತ್ತದೆ. ಹಗುರ, ಹೊರಲು ಸುಲಭ, ಸೇರಿನಲ್ಲಿ ಅಳೆದು ಮಾರಬಹುದು. ಉಪ್ಪಿನ ತೆರಿಗೆ ಎಟ್ಟಿಯನ್ನು ಹೆಚ್ಚು ಮುಟ್ಟಲಿಲ್ಲ. ಬಸಳೆಯ ಜೊತೆ ಬಂಗುಡೆ ಬಾರದೆ ಎಟ್ಟಿಯೇ ಬಂದು ನಿಂತದ್ದರಲ್ಲಿ ಈ ಅಗ್ಗದ ಪಾಲು ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಘಟ್ಟದ ಬುಡದ ಮನೆಗಳಿಗೆ ಕಡಲಿನಿಂದ ಬಂದ ಅತಿ ಅಗ್ಗದ ಸರಕು ಅದು. ಅತಿ ಅಗ್ಗದ ಸೊಪ್ಪಿನ ಜೊತೆ ಸೇರಿತು.

ಇನ್ನು ಬಾಯಿಗಳ ಲೆಕ್ಕ. ಒಂದು ಮನೆಯಲ್ಲಿ ಹತ್ತು ಹನ್ನೆರಡು ಜನ. ಕುಚ್ಚಲಕ್ಕಿ ಗಂಜಿ ಇದೆ, ಅದಕ್ಕೆ ಕಜಿಪು ಬೇಕು. ಒಣ ಬಂಗುಡೆ ನಾಲ್ಕೇ ಇದ್ದರೆ ಹನ್ನೆರಡು ಜನಕ್ಕೆ ಹಂಚುವುದು ಹೇಗೆ? ಸುಟ್ಟು ಕೊಟ್ಟರೆ ನಾಲ್ವರಿಗೆ ಸಿಗುತ್ತದೆ, ಮತ್ತು ಆ ನಾಲ್ವರು ಯಾರು ಎಂದು ಹೇಳಬೇಕಾಗಿಲ್ಲ, ಮೊದಲು ಕೂರುವ ಗಂಡಸರು. ತುಂಡು ಮಾಡಿ ಒಂದು ಸೌತೆಕಾಯಿಯ ಜೊತೆ ಬೇಯಿಸಿದರೆ ಮೀನಿನ ಉಪ್ಪೂ ರುಚಿಯೂ ಪ್ರತಿ ಹೋಳಿಗೂ ಹೋಗುತ್ತದೆ. ಕೊನೆಗೆ ಉಣ್ಣುವ ಹೆಂಗಸಿನ ಬಟ್ಟಲಿಗೆ ಮೀನಿನ ತುಂಡು ಬಾರದಿದ್ದರೂ ಮೀನು ಬರುತ್ತದೆ. ಇದನ್ನು ಕಂಡುಹಿಡಿದವರು ಬಡಿಸುವ ಕೆಲಸದವರೇ ಇರಬೇಕು.

ತರಕಾರಿ ಅಲಂಕಾರಕ್ಕೆ ಬಂದದ್ದಲ್ಲ, ಅದು ಮೀನನ್ನು ಹಂಚುವ ಅಳತೆಗೋಲು.

ಆಟಿ ಬಂದರೆ ಈ ಲೆಕ್ಕ ಇನ್ನೂ ಬಿಗಿ. ಕಡಲಿಗೆ ದೋಣಿ ಇಳಿಯುವುದಿಲ್ಲ, ಹೊಳೆ ತುಂಬಿ ದೋಣಿ ದಾಟುವುದಿಲ್ಲ, ಸಂತೆಗೆ ಹೋಗಲಾಗುವುದಿಲ್ಲ. ಮನೆಯಲ್ಲಿ ಏನಿದೆಯೋ ಅದೇ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಬುಟ್ಟಿಯಲ್ಲಿ ಕಟ್ಟಿಟ್ಟ ಒಣಮೀನು, ಭರಣಿಯಲ್ಲಿ ಉಪ್ಪು ನೀರಿಗೆ ಹಾಕಿದ ಹಲಸಿನ ಸೊಳೆ, ಅದೇ ನಮ್ಮ ಉಪ್ಪಡ್ ಪಚ್ಚಿಲ್, ಮಾಡಿನ ಅಡಿಯಲ್ಲಿ ತೂಗುವ ಸೌತೆ, ಮಣ್ಣು ಹಚ್ಚಿಟ್ಟ ಹಲಸಿನ ಬೀಜ. ಬೇಸಿಗೆಯಲ್ಲಿ ಇದೆಲ್ಲ ಕೂಡಿಹಾಕುವುದು ಹೆಂಗಸರ ಕೆಲಸ. ಆಟಿಯಲ್ಲಿ ಅಳತೆ ತಪ್ಪದೆ ಇಳಿಸುವುದೂ ಅವರದ್ದೇ.

ಒಂದು ಮಾತು ತೆಂಗಿನಕಾಯಿಯ ಬಗ್ಗೆ. ಇವತ್ತು ಅರ್ಧ ಕಾಯಿ ಇಲ್ಲದೆ ಗಸಿಯೇ ಇಲ್ಲ ಎನ್ನುತ್ತೇವೆ. ಚಾಲಗೇಣಿಯ ಒಕ್ಕಲಿಗೆ ದಿನಾ ಅರ್ಧ ಕಾಯಿ ಎಲ್ಲಿಂದ? ಮರ ಧಣಿಯದ್ದು. ಹಳಬರು ಹೇಳುವ ಎಷ್ಟೋ ಅಡುಗೆಗಳಲ್ಲಿ ಕಾಯಿ ಇಲ್ಲ, ಮೆಣಸು, ಹುಳಿ, ಬೆಳ್ಳುಳ್ಳಿ ಅರೆದು ಹಾಕಿದರೆ ಮುಗಿಯಿತು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಟ್ರಿಬ್ಯೂನಲ್ ಮುಂದೆ ಅರ್ಜಿ ಕೊಟ್ಟು ಗೆದ್ದವರಿಗೆ ಗದ್ದೆಯ ಜೊತೆ ಅಂಗಳದ ತೆಂಗೂ ಸ್ವಂತವಾಯಿತು. ದೇವರಾಜ ಅರಸರ ಕಾನೂನು ಎಂದರೆ ನಮಗೆ ಪಹಣಿ ನೆನಪಾಗುತ್ತದೆ. ಮಡಕೆಯೊಳಗೆ ರಸ ದಪ್ಪವಾದದ್ದಕ್ಕೂ ಅದಕ್ಕೂ ಸಂಬಂಧ ಇದೆ ಎಂದು ನಾನು ನಂಬುತ್ತೇನೆ.

ಜಾತಿ, ಮತ ಬದಲಾದರೂ ಮಡಕೆ ಅಷ್ಟಾಗಿ ಬದಲಾಗುವುದಿಲ್ಲ ಎಂಬುದು ಇದರ ಇನ್ನೊಂದು ಗಮ್ಮತ್ತು. ಬಸಳೆಯನ್ನು ಕೊಂಕಣಿಯಲ್ಲಿ ವಾಳಿ ಎನ್ನುತ್ತಾರೆ. ಬಂಟ್ವಾಳ ಪೇಟೆಯ ಕೊಂಕಣಿ ಮನೆಗಳಲ್ಲಿ ವಾಳಿಗೆ ಸುಂಗಟ ಸೇರುತ್ತದೆ. ಕ್ರೈಸ್ತರ ಮನೆಯಲ್ಲಿ ಒಣ ಸಿಗಡಿಗೆ ಗಾಲ್ಮೊ ಎಂಬ ಹೆಸರು. ಬ್ಯಾರಿಗಳ ಮನೆಯಲ್ಲೂ ಒಣಮೀನು, ಸೌತೆ ಉಂಟು. ಎಟ್ಟಿ ಹಾಕುವ ಮೊದಲು ಒಂದು ಸೌಟು ತೆಗೆದಿಟ್ಟರೆ ಅದೇ ಕಜಿಪು ಶನಿವಾರ ಮೀನು ತಿನ್ನದ ಅಜ್ಜನಿಗೂ ಆಗುತ್ತದೆ. ಮೂಡಬಿದಿರೆಯಲ್ಲಿ ಸಾವಿರ ಕಂಬದ ಬಸದಿಯ ಆಸುಪಾಸಿನ ಜೈನ ಮನೆಗಳಲ್ಲೂ ಸೌತೆಯ ಕೊದ್ದೆಲ್ ಆಗುತ್ತದೆ, ಮೀನೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ.

ಇಷ್ಟು ಓದಿದವರಿಗೆ ಅಡುಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಐದಾರು ಜನಕ್ಕೆ ನಮ್ಮ ಮನೆಯ ಕ್ರಮ ಹೀಗೆ.

ಒಂದು ಕಟ್ಟು ಬಸಳೆ, ಒಂದು ದೊಡ್ಡ ಮುಷ್ಟಿ ಒಣ ಎಟ್ಟಿ, ಸುಮಾರು 50 ಗ್ರಾಂ. ಎಟ್ಟಿಯ ತಲೆ, ಬಾಲ ಮುರಿದು, ಎಣ್ಣೆ ಹಾಕದೆ ಸಣ್ಣ ಬೆಂಕಿಯಲ್ಲಿ ಹುರಿಯಿರಿ. ಹಸಿ ವಾಸನೆ ಹೋಗಿ ಹುರಿದ ಪರಿಮಳ ಬರುವಾಗ ಇಳಿಸಿ, ಗೆರಸೆಯಲ್ಲಿ ಕೇರಿ. ಹೊಯಿಗೆ, ಮೀಸೆ, ಪುಡಿ ಎಲ್ಲ ಬೀಳುತ್ತದೆ. ಆಮೇಲೆ ಎರಡು ಸಲ ನೀರಿನಲ್ಲಿ ತೊಳೆಯಿರಿ. ಹುರಿಯುವ ಮೊದಲು ತೊಳೆದರೆ ಹೊಯಿಗೆ ಅಂಟಿಕೊಂಡೇ ಇರುತ್ತದೆ, ಹಲ್ಲಿಗೆ ಸಿಗುತ್ತದೆ.

ಬಸಳೆಯ ದಂಟನ್ನು ಬೆರಳುದ್ದ ತುಂಡು ಮಾಡಿ, ಸ್ವಲ್ಪ ನೀರು, ಅರ್ಧ ನೀರುಳ್ಳಿ ಹಾಕಿ ಮುಚ್ಚಿ ಬೇಯಿಸಿ. ಎಲೆ ಈಗಲೇ ಹಾಕಬೇಡಿ. ಹುಳಿಯಂತೂ ಈಗ ಬೇಡವೇ ಬೇಡ. ಹುಳಿ ಮೊದಲೇ ಬಿದ್ದರೆ ದಂಟಾಗಲಿ ಸೌತೆಯಾಗಲಿ ಎಷ್ಟು ಹೊತ್ತು ಬೆಂದರೂ ಮೆತ್ತಗಾಗುವುದಿಲ್ಲ.

ಎಂಟು ಹತ್ತು ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ನಾಲ್ಕಾರು ಕಾಳು ಮೆಂತೆ, ನಾಲ್ಕು ಕಾಳುಮೆಣಸು ಹುರಿದು, ಅರ್ಧ ತೆಂಗಿನಕಾಯಿ, ಸ್ವಲ್ಪ ಅರಸಿನ, ನಾಲ್ಕು ಎಸಳು ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆ ಸೇರಿಸಿ ನುಣ್ಣಗೆ ಅರೆಯಿರಿ. ಕಡೆಯುವ ಕಲ್ಲು ಇದ್ದರೆ ಒಳ್ಳೆಯದು, ಮಿಕ್ಸಿಯೂ ಆಗುತ್ತದೆ. ಹುಳಿ ಮಸಾಲೆಯೊಳಗೇ ಇರುವುದರಿಂದ ದಂಟು ಬೆಂದ ಮೇಲೆಯೇ ಮಸಾಲೆ ಹಾಕಬೇಕು.

ದಂಟು ಬೆಂದಿತೇ? ಎಲೆ, ಎಟ್ಟಿ, ಮಸಾಲೆ ಹಾಕಿ, ಮಿಕ್ಸಿ ತೊಳೆದ ನೀರೂ ಹಾಕಿ, ಮುಚ್ಚಿ ಸಣ್ಣ ಬೆಂಕಿಯಲ್ಲಿ ಹತ್ತು ಹದಿನೈದು ನಿಮಿಷ ಬಿಡಿ. ಉಪ್ಪು ಕೊನೆಗೆ, ರುಚಿ ನೋಡಿಯೇ. ಒಣಮೀನು ಎಷ್ಟು ಉಪ್ಪು ತಂದಿದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವಷ್ಟು ಒಗ್ಗರಣೆ.

ಸೌತೆ ಮತ್ತು ಒಣ ಬಂಗುಡೆಯಾದರೆ ಮೀನನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ ಆ ನೀರು ಚೆಲ್ಲಿ. ಬಿಪಿ ಇದ್ದವರು ಮನೆಯಲ್ಲಿದ್ದರೆ ಎರಡು ಸಲ ನೆನೆಸಿ. ಸೌತೆಯ ಸಿಪ್ಪೆ ಇರಲಿ, ತಿರುಳು ತೆಗೆಯಿರಿ. ಸೌತೆ ಮುಕ್ಕಾಲು ಬೆಂದ ಮೇಲೆ ಮೀನು. ಆಮೇಲೆ ಸೌಟು ಹಾಕಬೇಡಿ, ಬಟ್ಟೆ ಹಿಡಿದು ಮಡಕೆಯನ್ನೇ ಒಂದು ಸುತ್ತು ಅಲುಗಿಸಿ. ಮೀನು ಪುಡಿಯಾಗುವುದಿಲ್ಲ.

ಈ ಅಡುಗೆ ಈಗ ಎಲ್ಲಿಗೆ ಬಂದಿದೆ ಎಂದು ಹೇಳಬೇಕು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ರಸ್ತೆ, ಸೇತುವೆ, ಐಸ್ ಪ್ಲಾಂಟ್ ಒಂದೊಂದಾಗಿ ಬಂದ ಹಾಗೆ, ಹಸಿ ಮೀನು ಮೇಲೆ ಹತ್ತಿತು. ತಲೆ ಹೊರೆಯ ಜಾಗದಲ್ಲಿ ಸೈಕಲ್, ಸೈಕಲಿನ ಜಾಗದಲ್ಲಿ ಬೈಕು, ಟೆಂಪೋ. ಬೆಳಿಗ್ಗೆ ಹಾರ್ನ್ ಕೇಳಿ ಗೇಟಿಗೆ ಓಡುವುದು ಈಗ ಉಜಿರೆಯಲ್ಲೂ ಉಂಟು, ಅದರಾಚೆಯೂ ಉಂಟು. ಕಡಲಿನಲ್ಲೂ ಬದಲಾಯಿತು. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದಲ್ಲಿ ಪರ್ಸೀನ್ ಬೋಟು ಬಂದ ಮೇಲೆ ಕೆಲವೇ ವರ್ಷದಲ್ಲಿ ಮೂಲೆ ಸೇರಿತು. ರಂಪಣಿಗೆ ಮೀನು ರಾಶಿ ಬಿದ್ದ ದಿನ ದಡದಲ್ಲೇ ಒಣಗುತ್ತಿತ್ತು. ಈಗ ಸಣ್ಣ ಮೀನಿನ ದೊಡ್ಡ ಪಾಲು ನೇರ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ, ಕೋಳಿಗೂ ಸಾಕುವ ಸಿಗಡಿಗೂ ಆಹಾರವಾಗಲು. ಬಡವರ ಎಟ್ಟಿ ಬಡವರ ಬೆಲೆಯಲ್ಲಿ ಉಳಿದಿಲ್ಲ. ಸಂತೆಯಲ್ಲಿ "ಏತ್ ಅಕ್ಕ?" ಎಂದು ಕೇಳಿ, ಬೆಲೆ ಕೇಳಿಸಿಕೊಂಡು, ಬರಿ ಬಸಳೆ ಹಿಡಿದು ಬರುವವರನ್ನು ನೀವೂ ನೋಡಿರಬಹುದು.

ಬೆಲೆಗಿಂತ ಹೆಚ್ಚು ಹೊಡೆತ ಕೊಟ್ಟದ್ದು ನಾಚಿಕೆ. ಬಾಡಿಗೆ ಮನೆಯಲ್ಲಿ ಒಣಮೀನು ಹುರಿದರೆ ವಾಸನೆ ಎಂದು ಮಾತು ಬರುತ್ತದೆ. ಹಾಸ್ಟೆಲಿಗೆ ಅಮ್ಮ ಕೊಟ್ಟ ಎಟ್ಟಿ ಚಟ್ನಿಯ ಡಬ್ಬಿಯನ್ನು ಮುಚ್ಚಿಟ್ಟು ತಿಂದವರು ನಮ್ಮ ಬ್ಯಾಚಿನಲ್ಲೇ ಎಷ್ಟೋ ಜನ. ಮದುವೆ ಊಟದಲ್ಲಿ ಅಂಜಲ್ ಫ್ರೈ ಇರುತ್ತದೆ, ಬಸಳೆ ಎಟ್ಟಿ ಇರುವುದಿಲ್ಲ. ಮನೆಗೆ ನೆಂಟರು ಬರುವಾಗ ಒಲೆಯ ಮೇಲಿದ್ದ ಅದನ್ನು ಬದಿಗೆ ಸರಿಸಿ ಕೋಳಿ ತರಲು ಓಡುತ್ತೇವೆ. ಬರೆಯಬಲ್ಲವರು ಇದನ್ನು ಬರೆಯದೆ ಬಿಟ್ಟದ್ದಕ್ಕೆ ಹಿಂದೆ ಕಾರಣ ಇತ್ತು. ಈಗ ನಮ್ಮ ಕೈಯಲ್ಲೇ ಫೋನ್ ಇದೆ. ಅಜ್ಜಿಯಂದಿರು ಕಾಯಿ ಇಲ್ಲದೆ ಮಾಡುತ್ತಿದ್ದ ಕಜಿಪು ಯಾವುದು, ಎಟ್ಟಿ ಎಲ್ಲಿಂದ ಬರುತ್ತಿತ್ತು, ತಂದು ಕೊಡುತ್ತಿದ್ದವರು ಯಾರು, ಬದಲಿಗೆ ಅಕ್ಕಿ ಕೊಡುತ್ತಿದ್ದರೋ ಹಣವೋ, ಇಷ್ಟು ಕೇಳಿ ರೆಕಾರ್ಡ್ ಮಾಡಿಟ್ಟರೆ ಬುಕನನ್ ಬಿಟ್ಟು ಹೋದ ಪುಟ ಅದು.

ಈಗ ಕರ್ನಾಟಕದ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ ಇದೆ, ಮೀನು ಮರಿ ಹಾಕುವ ಕಾಲ ಎಂದು. ಫ್ರಿಜ್ಜು, ಹೊರರಾಜ್ಯದ ಐಸ್ ಮೀನು ಎಲ್ಲ ಇದ್ದರೂ ಆ ಎರಡು ತಿಂಗಳು ನಮ್ಮ ಸಂತೆಗಳಲ್ಲಿ ಒಣಮೀನಿನ ಸಾಲು ಉದ್ದವಾಗುತ್ತದೆ. ಚಪ್ಪರದಲ್ಲಿ ಬಸಳೆ ಸೊಕ್ಕಿ ಬೆಳೆಯುವುದೂ ಆಗಲೇ.

ಮಾಡಿದ ದಿನ ಎಲ್ಲವನ್ನೂ ಮುಗಿಸಬೇಡಿ. ಸ್ವಲ್ಪ ಮಣ್ಣಿನ ಮಡಕೆಯಲ್ಲೇ ಉಳಿಸಿ, ರಾತ್ರಿ ಒಂದು ಸಲ ಕುದಿಸಿಡಿ. ಮರುದಿನ ಬೆಳಿಗ್ಗೆ ರಸ ಬತ್ತಿ ಅಡಿಗೆ ಹಿಡಿಯುವವರೆಗೆ ಬಿಸಿ ಮಾಡಿ, ಬಿಸಿ ಗಂಜಿಯ ಬಟ್ಟಲಿನ ಬದಿಗೆ ಹಾಕಿಕೊಳ್ಳಿ. ಮಡಕೆಯ ತಳದಲ್ಲಿ ಅಂಟಿದ್ದನ್ನು ಸಹ ಬಿಡಬೇಡಿ, ಅದಕ್ಕೆ ಎರಡು ಸೌಟು ಗಂಜಿ ಹಾಕಿ ಉಜ್ಜಿ ತೆಗೆದರೆ ಇನ್ನೊಂದು ಬಟ್ಟಲಿಗೆ ಸಾಕಾಗುತ್ತದೆ.